ಕುಂಟೆಂದು ಹೆಸರಾದ ಕುದುರೆಯನ್ನು ನಾನು ಮಾರಿದ್ದು

ನಾನು ಟಾಂಗಾ ಓಡಿಸುತ್ತಿದ್ದವರ ಮಗಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮೈಸೂರಿನಲ್ಲಿ ಕುದುರೆಯ ವಿಷಯ ಮಾತಾಡುವವರು ಎರಡು ಥರ. ಒಂದು, ಬೂಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಕುದುರೆಯನ್ನು ಬಯ್ಯುವವರು. ಇನ್ನೊಂದು, ನಮ್ಮ ಹಾಗೆ ಲಾಯ ಗುಡಿಸಿ, ಲದ್ದಿ ಎತ್ತಿ, ಕನ್ನಡದಲ್ಲೂ ಉರ್ದುವಿನಲ್ಲೂ ಬಯ್ಯುವವರು. ಕುದುರೆಗೆ ಎರಡೂ ಅರ್ಥವಾಗುತ್ತದೆ. ಕುದುರೆ ಕೊಳ್ಳಲು ಬರುವವರಿಗೆ ಮಾತ್ರ ಬೂಟಿನವರ ಮಾತೇ ವೇದವಾಕ್ಯ.

ನಮ್ಮ ಮನೆ ರಾಜೀವನಗರದ ಕೊನೆಯ ಸಾಲಿನಲ್ಲಿದೆ. ಹಿಂದೆ ಶೀಟು ಹೊದಿಸಿದ ಲಾಯ, ಅದರಾಚೆ ಇನ್ನೂ ಯಾರೂ ಮನೆ ಕಟ್ಟದ ನಾಲ್ಕೈದು ಸೈಟು. ಆ ಸೈಟುಗಳ ಮಾಲೀಕರನ್ನು ಕೇಳಿಕೊಂಡು ಮಣ್ಣು ಸಡಿಲ ಮಾಡಿ, ಭಾನುವಾರಗಳಂದು ಮಕ್ಕಳಿಗೆ ಸವಾರಿ ಕಲಿಸುತ್ತೇನೆ. ಅಪ್ಪ ಮಂಡಿನೋವಿನಿಂದ ಟಾಂಗಾ ಬಿಟ್ಟು ಬಹಳ ವರ್ಷವಾಯಿತು. ನನ್ನ ಯಜಮಾನರಿಗೆ ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿಯ ಗ್ಯಾರೇಜು. ಪೆಟ್ರೋಲು ಕುಡಿಯದ ಯಾವ ಗಾಡಿಯ ಮೇಲೂ ಅವರಿಗೆ ನಂಬಿಕೆಯಿಲ್ಲ.

ಅಪ್ಪ ತಮ್ಮ ಕಾಲದಲ್ಲಿ ಎಷ್ಟೋ ಕುದುರೆ ಕೊಂಡರು, ಎಷ್ಟೋ ಮಾರಿದರು. ನನಗೂ ಕುದುರೆ ವ್ಯಾಪಾರ ಮಾಡಬೇಕೆಂಬ ಆಸೆ ಚಿಕ್ಕಂದಿನಿಂದ. ಆದರೆ ನಮ್ಮ ಕಸುಬಿನಲ್ಲಿ ಹೆಣ್ಣುಮಕ್ಕಳು ಕುದುರೆಗೆ ಹುಲ್ಲು ಹಾಕಬಹುದು, ಮೈ ತಿಕ್ಕಬಹುದು, ಕಚ್ಚಿಸಿಕೊಳ್ಳಲೂಬಹುದು. ಬೆಲೆ ಕೇಳುವ ಹೊತ್ತಿಗೆ ಮಾತ್ರ ಒಳಗೆ ಹೋಗಿ ಕಾಫಿ ಮಾಡಬೇಕು. ಹೀಗೆ ಕಾಫಿ ಮಾಡಿ ಮಾಡಿ ನನಗೆ ನಲವತ್ತು ದಾಟಿತು. ಒಂದು ದಿನ ಸಿಟ್ಟು ಬಂದು, ಈ ಸಲ ಕೊಳ್ಳುವುದೂ ನಾನೇ, ಮಾರುವುದೂ ನಾನೇ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬೇಡವೆನ್ನಲಿಲ್ಲ. "ಮೊದಲ್ನೇ ಕುದುರೇಲಿ ಹೆಸರು ಕೆಟ್ರೆ ಎರಡ್ನೇದು ಯಾರೂ ನೋಡಕ್ಕೂ ಬರಲ್ಲ ಕಣಮ್ಮ, ಅಷ್ಟು ತಿಳ್ಕೊ," ಎಂದರು.

ನಂಜನಗೂಡಿನ ರಸ್ತೆಯಲ್ಲಿ ಒಂದು ರೆಸಾರ್ಟಿನವರು ಸವಾರಿಯ ವ್ಯವಸ್ಥೆ ನಿಲ್ಲಿಸಿ ಕುದುರೆಗಳನ್ನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಎಲ್ಲವೂ ಆಗಲೇ ಮಾರಾಟವಾಗಿ ಒಂದು ಹೆಣ್ಣು ಕುದುರೆ ಉಳಿದಿತ್ತು. ಗುಜರಾತಿನ ಕಡೆಯಿಂದ ಲಾರಿಯಲ್ಲಿ ಬಂದ ಕಾಠಿಯಾವಾಡಿ. ಅರಬ್ಬೀ ಕುದುರೆಗಳ ರಕ್ತ ಬೆರೆತ ತಳಿ ಅದು. ಹಣೆ ಅಗಲ, ಮೂತಿ ಸಣ್ಣದು, ಕಣ್ಣು ದೊಡ್ಡದು. ತಿಳಿ ಕಂದು ಮೈ, ಬೆನ್ನಿನ ಉದ್ದಕ್ಕೂ ಒಂದು ಕಪ್ಪು ಗೆರೆ. ಕಿವಿಗಳೆರಡೂ ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುತ್ತಿದ್ದವು. ನಾನು ಹತ್ತಿರ ಹೋದಾಗ ಆ ಕಿವಿಗಳನ್ನು ನನ್ನ ಕಡೆ ತಿರುಗಿಸಿ, ನನ್ನ ದುಪಟ್ಟಾದ ಅಂಚನ್ನು ಬಾಯಿಗೆ ಹಾಕಿಕೊಂಡಿತು. ನಾನು ಅಲ್ಲಿಗೇ ಸೋತೆ.

ಅಪ್ಪ ಮಂಡಿ ನೋವನ್ನೂ ಮರೆತು ಬಗ್ಗಿ, ಹಣೆ, ಕುತ್ತಿಗೆ, ಎದೆ, ಪಕ್ಕೆಗಳ ಮೇಲೆ ಬೆರಳಾಡಿಸಿ ಸುಳಿ ನೋಡಿದರು. ಕೂದಲು ಸುತ್ತಿಕೊಂಡಿರುವ ಜಾಗ ನೋಡಿ ಕುದುರೆಯ ಗುಣ ಹೇಳುವುದು ನಮ್ಮವರ ಪದ್ಧತಿ. "ಸುಳಿ ಶುದ್ಧ," ಎಂದರು. ರೆಸಾರ್ಟಿನವರು ಲಾಯದ ಮುಂದಿನ ಮರಳಿನಲ್ಲಿ ಅದನ್ನು ಆಚೆ ಈಚೆ ನಡೆಸಿ ತೋರಿಸಿದರು. ನಡಿಗೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಬೇರೆ ಕುದುರೆಗಳೆಲ್ಲ ಹೋಗಿ ಇದೊಂದೇ ಯಾಕೆ ಉಳಿಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಕೊಟ್ಟು ಮನೆಗೆ ತಂದೆ.

ಮಾರನೆಯ ದಿನ ಸವಾರಿ ಮಾಡಿದಾಗ ಗೊತ್ತಾಯಿತು. ನಡಿಗೆಯಿಂದ ಓಟಕ್ಕೆ ಬಂದಾಗ ಎಲ್ಲ ಕುದುರೆಗಳೂ ಮುಂದಿನ ಒಂದು ಕಾಲು, ಅದಕ್ಕೆ ಅಡ್ಡವಾಗಿ ಹಿಂದಿನ ಇನ್ನೊಂದು ಕಾಲು, ಹೀಗೆ ಜೋಡಿ ಜೋಡಿಯಾಗಿ ಇಡುತ್ತವೆ. ಅದೇ ಕುಕ್ಕುಲೋಟ. ಸವಾರ ಮೇಲೆ ಕೆಳಗೆ ಎಗರುತ್ತಾನೆ, ಟಾಂಗಾದಲ್ಲಿ ಕೂತವರ ಹಲ್ಲು ಕಟಕಟ ಅನ್ನುತ್ತದೆ. ಇವಳು ಹಾಗೆ ಓಡಲೇ ಇಲ್ಲ. ಒಂದೇ ಪಕ್ಕದ ಕಾಲುಗಳನ್ನು ಒಂದರ ಹಿಂದೆ ಒಂದು ಸರಸರನೆ ಹಾಕಿಕೊಂಡು, ಸೊಂಟ ತಿರುವಿಕೊಂಡು ಹೋದಳು. ಅಂಥ ಓಟವನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಆ ವಾರವೇ ನಮ್ಮೂರಿನ ಸವಾರಿ ಮೇಷ್ಟ್ರು ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದರು. ಮೇಷ್ಟ್ರು ದೊಡ್ಡ ಮನುಷ್ಯರು, ವಯಸ್ಸಾದವರು, ರೇಸಿನಿಂದ ನಿವೃತ್ತಿಯಾದ ಎತ್ತರದ ಕುದುರೆಗಳನ್ನು ಪಳಗಿಸುವುದರಲ್ಲಿ ಎತ್ತಿದ ಕೈ. ಕುದುರೆಯ ಬಗ್ಗೆ ಅವರು ಒಂದು ಮಾತು ಹೇಳಿದರೆ ಊರಲ್ಲಿ ಮೇಲ್ಮನವಿ ಇಲ್ಲ. ನಾನು ಒಂದು ಸುತ್ತು ಓಡಿಸಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಇದು ಕುಂಟು ಕಣಮ್ಮ. ಹಿಂದಿನ ಕಾಲಲ್ಲಿ ಏನೋ ಆಗಿದೆ. ನಿಂಗೆ ಸರಿಯಾಗಿ ಟೋಪಿ ಹಾಕಿದಾರೆ."

"ಡಾಕ್ಟ್ರಿಗೆ ತೋರಿಸ್ತೀನಿ ಸಾರ್."

"ತೋರ್ಸು, ತೋರ್ಸು. ಹೆಜ್ಜೆ ನೋಡಿದ್ರೆ ನಂಗೇ ಕಾಣುತ್ತಲ್ಲ."

ಜೊತೆಗೆ ಬಂದಿದ್ದ ಗಿರಾಕಿ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಸಂಜೆಯೊಳಗೆ ಅದು ಊರಿನ ಕುದುರೆ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ನಗುವ ಮುಖಗಳ ಸಾಲು. ಪಶುವೈದ್ಯರು ಬಂದು ನಾಲ್ಕು ಕಾಲನ್ನೂ ಒತ್ತಿ, ಮಡಚಿ, ಗೊರಸು ಬಡಿದು ನೋಡಿ, "ನೋವೇ ಇಲ್ಲ. ಆದ್ರೆ ಯಾಕೆ ಹಿಂಗೆ ಓಡುತ್ತೆ ಅಂತ ನಂಗೂ ಗೊತ್ತಿಲ್ಲ," ಎಂದರು. ಆ ಅರ್ಧ ಪ್ರಮಾಣಪತ್ರ ಹಿಡಿದುಕೊಂಡು ಯಾರಿಗೆ ಮಾರಲಿ? ಆಮೇಲೆ ಬಂದ ಒಬ್ಬನೇ ಗಿರಾಕಿಯೆಂದರೆ ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. "ಕುಂಟಾದ್ರೂ ಪರವಾಗಿಲ್ಲ, ನಮ್ದು ನಿಂತ್ಕೊಳೋ ಕೆಲ್ಸ," ಎಂದ. ಅವನ ಕುದುರೆಗಳು ಪಟಾಕಿಯ ಹೊಗೆಯಲ್ಲಿ ಕಣ್ಣು ಮುಚ್ಚಿ ನಡುಗುವುದನ್ನು ನೋಡಿದ್ದೆ. ಯುಗಾದಿಯವರೆಗೆ ಸಮಯ ಕೊಡು ಎಂದು ಅವನನ್ನು ಸಾಗಹಾಕಿದೆ. ಅಷ್ಟರೊಳಗೆ ಮಾರದಿದ್ದರೆ ಅವಳು ಅವನ ಪಾಲು, ನಾನು ವಾಪಸು ಕಾಫಿ ಪಾತ್ರೆಯ ಪಾಲು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳ ಹೆಜ್ಜೆಯನ್ನು ತಿದ್ದಲು ಹೊರಟೆ. ಸೈಟಿನ ಮಣ್ಣಿನಲ್ಲಿ ಬಿದಿರಿನ ಗಳಗಳನ್ನು ಅಡ್ಡಡ್ಡ ಇಟ್ಟು, ಅವುಗಳ ಮೇಲೆ ದಾಟಿಸುತ್ತಾ ಓಡಿಸುವುದು. ಗಳ ತಗುಲದಂತೆ ಕಾಲೆತ್ತಬೇಕಾದರೆ ಕುದುರೆ ತಾನಾಗಿ ಕುಕ್ಕುಲೋಟಕ್ಕೆ ಬರುತ್ತದೆ ಎಂಬ ಲೆಕ್ಕ. ಮೂರು ತಿಂಗಳು, ದಿನಾ ಬೆಳಿಗ್ಗೆ. ಅವಳು ಎಡವಿದಳು, ಬೆವೆತಳು, ಆ ಚೆಂದದ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಳು. ಗಳ ಮುಗಿದು ಬಯಲು ಸಿಕ್ಕ ಕೂಡಲೇ ಮತ್ತೆ ಅದೇ ಸರಸರ ಹೆಜ್ಜೆ. ನನಗೆ ಅವಳ ಮೇಲೆ ಕೋಪ, ಮೇಷ್ಟ್ರ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಒಂದು ಬೆಳಿಗ್ಗೆ ಅವಳು ನನ್ನನ್ನು ಕಂಡು ಲಾಯದ ಮೂಲೆಗೆ ಸರಿದು ಗೋಡೆಗೆ ಮುಖ ಮಾಡಿ ನಿಂತಳು. ನಾನು ಅಲ್ಲೇ ಹುಲ್ಲಿನ ಕಂತೆಯ ಮೇಲೆ ಕೂತು ಅತ್ತೆ.

ಮಾರನೆಯ ದಿನ ಸೈಟಿನ ಮಾಲೀಕರೊಬ್ಬರು ಮನೆ ಕಟ್ಟಿಸಲು ಎರಡು ಲೋಡು ಜಲ್ಲಿ ತಂದು ಸುರಿಸಿದರು. ಸವಾರಿಗೆ ಜಾಗವಿಲ್ಲದೆ ಅವಳನ್ನು ಮೊದಲ ಬಾರಿಗೆ ಮನೆಯ ಮುಂದಿನ ಕಾಂಕ್ರೀಟ್ ರಸ್ತೆಗೆ ತಂದೆ. ಅಪ್ಪ ಒಳಗೆ ಹಜಾರದಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಬೀದಿಯ ಕೊನೆಯವರೆಗೆ ಓಡಿಸಿಕೊಂಡು ವಾಪಸು ಬಂದೆ.

"ಯಾರ್ದೇ ಅದು ಕುದುರೆ?" ಎಂದು ಒಳಗಿನಿಂದಲೇ ಕೂಗಿದರು.

"ನಮ್ದೇ ಕಣಪ್ಪ."

"ಸುಳ್ಳು ಹೇಳ್ಬೇಡ. ಯಾರೋ ಬಂದವ್ರೆ."

"ಅಯ್ಯೋ, ನಮ್ಮ ಕುಂಟೀನೇ ಕಣಪ್ಪ!"

"ಇನ್ನೊಂದ್ಸಲ ಓಡ್ಸು."

ನಾನು ಮತ್ತೆ ಓಡಿಸಿದೆ. ಅಪ್ಪ ಈಚೆಗೆ ಬರಲಿಲ್ಲ, ತಿರುಗಿಯೂ ನೋಡಲಿಲ್ಲ. ಹಿಂದಿರುಗಿ ಬಂದು ನೋಡಿದರೆ ಮೊರದ ಅಂಚಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದರು.

"ನಾಕೂ ಬೇರೆ ಬೇರೆ ಬೀಳ್ತವೆ. ನಾಕೂ ಸಮ," ಎಂದರು. "ಕುಂಟೋ ಕುದುರೆ ಎಲ್ಲಾದ್ರೂ ಸಮ ಹಾಕತ್ತೇನೇ? ನೋವಿರೋ ಕಾಲ್ನ ಬಿರ್‌ಬಿರ್ನೆ ಎತ್ಕೊಬುಡುತ್ತೆ, ಒಂದು ಏಟು ಮೊಟಕಾಗುತ್ತೆ. ನಲವತ್ತು ವರ್ಷ ಟಾಂಗಾ ಮೇಲೆ ಕೂತು ನಾನು ಕೇಳಿದ್ದು ಇನ್ನೇನ? ಕುದುರೆ ಹಿಂಭಾಗ ನೋಡೋದು, ಗೊರಸಿನ ಸದ್ದು ಕೇಳೋದು."

ಆಮೇಲೆ ಅವರಿಗೆ ನೆನಪಾಯಿತು. ಅವರು ಹುಡುಗರಾಗಿದ್ದಾಗ ಉತ್ತರದಿಂದ ಬಂದು ನೆಲೆಸಿದ್ದ ಒಬ್ಬ ಬಟ್ಟೆ ವ್ಯಾಪಾರಿ ಇಂಥದ್ದೇ ಒಂದು ಕುದುರೆ ಸಾಕಿದ್ದರಂತೆ. ಅದು ಓಡುತ್ತಿರುವಾಗಲೇ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚುತ್ತಿದ್ದರಂತೆ. ಆ ಹೆಜ್ಜೆಗೆ ರೇವಾಲ್ ಎಂದು ಹೆಸರು. ಹುಟ್ಟಿನಿಂದ ಬರುವಂಥದ್ದು, ಅದಕ್ಕೆ ಆ ಕಡೆ ಹೆಚ್ಚು ಬೆಲೆ. ಸಡಿಲ ಮಣ್ಣಿನ ಮೇಲೆ ಸದ್ದೇ ಕೇಳದ್ದರಿಂದ ಅಪ್ಪನಿಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ಕುಕ್ಕುಲೋಟದ ಟಾಂಗಾ ಕುದುರೆ, ನಾಗಾಲೋಟದ ರೇಸ್ ಕುದುರೆ ಬಿಟ್ಟು ಬೇರೇನನ್ನೂ ನೋಡದ ಊರು ನಮ್ಮದು. ಆ ಊರಿನವಳಾಗಿ ನಾನು ಅವಳಿಗಿದ್ದ ಒಂದೇ ಒಂದು ಒಡವೆಯನ್ನು ಕಿತ್ತುಹಾಕಲು ಮೂರು ತಿಂಗಳು ಒದ್ದಾಡಿದ್ದೆ. ಅವತ್ತೇ ಗಳಗಳನ್ನೆಲ್ಲ ಒಟ್ಟುಮಾಡಿ ಪಕ್ಕದ ಮನೆಯವರಿಗೆ ಚಪ್ಪರಕ್ಕೆ ಕೊಟ್ಟುಬಿಟ್ಟೆ.

ಯುಗಾದಿಗೆ ಹದಿನೈದು ದಿನ ಇತ್ತು. ಆಗ ಕುದುರೆ ಹುಡುಕುತ್ತಿದ್ದ ಒಬ್ಬರು ಹೆಂಗಸು ಕುವೆಂಪುನಗರದಿಂದ ಫೋನ್ ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದವರು. ಕಾಲೇಜಿನಲ್ಲಿದ್ದಾಗ ಸವಾರಿ ಕಲಿತಿದ್ದರು, ಪ್ರಾಣ ಬಿಡುವಷ್ಟು ಇಷ್ಟ. ಎರಡು ವರ್ಷದ ಹಿಂದೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಕುದುರೆ ಹತ್ತಬಹುದು, ಆದರೆ ಮೈ ಎತ್ತಿ ಕುಕ್ಕಬಾರದು ಎಂದು ಡಾಕ್ಟರು ಹೇಳಿದ್ದರಂತೆ. "ಎಲ್ಲಿ ಹೋದ್ರೂ ನನ್ನ ಹತ್ತಿಸಿ, ಹಗ್ಗ ಹಿಡಿದು ನಡೆಸ್ತಾರಮ್ಮ, ಜಾತ್ರೇಲಿ ಮಕ್ಕಳನ್ನ ನಡೆಸೋ ಹಾಗೆ. ನಂಗೆ ಸಾಯೋದ್ರೊಳಗೆ ಒಂದು ಸಲ ಓಡಬೇಕು," ಎಂದರು. "ಬನ್ನಿ ಮೇಡಂ, ನಿಮಗೇ ಅಂತ ಒಂದು ಕುದುರೆ ಇದೆ," ಎಂದೆ.

ಭಾನುವಾರ ಬಂದರು. ಕಾರಿನ ಈ ಬಾಗಿಲಿನಿಂದ ಅವರು ಇಳಿದರು. ಆ ಬಾಗಿಲಿನಿಂದ ಮೇಷ್ಟ್ರು ಇಳಿದರು! ತಿಳಿದವರೊಬ್ಬರು ಜೊತೆಗಿರಲೆಂದು ಕರೆತಂದಿದ್ದರಂತೆ. ಇಬ್ಬರಿಗೂ ಕುರ್ಚಿ ಹಾಕಿ, ಕಾಫಿ ತಂದು ಕೊಟ್ಟು, ಕುದುರೆಯನ್ನು ಲಾಯದಿಂದ ಈಚೆ ತಂದೆ. ಮೇಷ್ಟ್ರು ಲೋಟವನ್ನು ತುಟಿಗೂ ಇಟ್ಟಿರಲಿಲ್ಲ, ಅವಳನ್ನು ಗುರುತು ಹಿಡಿದರು.

"ಇದೇನಾ? ಏನಮ್ಮ, ಅವತ್ತೇ ಹೇಳಿದ್ನಲ್ಲ. ಮೇಡಂ, ಇದು ಕುಂಟು. ಬೆನ್ನು ಹೋದೋರಿಗೆ ಕಾಲು ಹೋದ ಕುದುರೆ ಮಾರಕ್ಕೆ ಹೊರಟಿದಾಳೆ ಈವಮ್ಮ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಏನು ಬಾಯಿಗೆ ಬರುತ್ತಿತ್ತೋ, ಹಿರಿಯರೆಂದು ನುಂಗಿಕೊಂಡೆ. ಅವರ ಕೈಯಲ್ಲಿದ್ದ ಕಾಫಿ ಕಣ್ಣಿಗೆ ಬಿತ್ತು. ಅಂಚಿನವರೆಗೆ ತುಂಬಿ, ಮೇಲೆ ನೊರೆ ಕೂತಿತ್ತು.

"ಆ ಲೋಟ ಒಂಚೂರು ಇತ್ಲಾಗಿ ಕೊಡಿ ಸಾರ್."

"ಯಾಕೆ?"

"ಕೊಡಿ ಸಾರ್, ನಿಮ್ಮ ಕಾಫೀನ ನಾನೇನು ಕುಡಿಯಲ್ಲ."

ಕುದುರೆ ಹತ್ತಿ, ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಲೋಟ ಹಿಡಿದುಕೊಂಡೆ. ಹತ್ತು ಹೆಜ್ಜೆ ನಡೆಸಿ, ಹಿಮ್ಮಡಿ ತಾಗಿಸಿ, ಅವಳನ್ನು ಅವಳ ಪಾಡಿಗೆ ಬಿಟ್ಟೆ. ಅವಳು ಹೋದಳು ನೋಡಿ! ಕಾಂಕ್ರೀಟಿನ ಮೇಲೆ ನಾಲ್ಕು ಗೊರಸೂ ಬಿಡಿಬಿಡಿಯಾಗಿ ನುಡಿದವು. ಬೀದಿಯ ಕೊನೆಯಲ್ಲಿ ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿ ನೋಡಿದ. ಗೇಟುಗಳ ಹತ್ತಿರ ನಾಲ್ಕಾರು ಜನ ಬಂದು ನಿಂತರು. ಅಲ್ಲಿ ತಿರುಗಿಸಿಕೊಂಡು, ಇನ್ನೂ ಜೋರಾಗಿ ಬಂದು, ಮೇಷ್ಟ್ರ ಮುಂದೆ ನಿಲ್ಲಿಸಿ, ಲೋಟವನ್ನು ಬಗ್ಗಿ ಅವರ ಕೈಗಿಟ್ಟೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ನೊರೆ ಕೂಡ ಹಾಗೇ ಇತ್ತು.

"ಕುಂಟು ಕುದುರೆ ಮೇಲಿಂದ ತಂದಿದೀನಿ ಸಾರ್. ಆರೋದ್ರೊಳಗೆ ಕುಡೀರಿ."

ಬೀದಿಯವರು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಬಹಳ ಹೊತ್ತು ಅವಳ ಕಾಲುಗಳನ್ನು ನೋಡಿದರು, ಕೂತು ಗೊರಸು ಎತ್ತಿ ನೋಡಿದರು. ಕೊನೆಗೆ ಎದ್ದು, ಅದೂ ಎಲ್ಲರ ಮುಂದೆ, "ನಂದೇ ತಪ್ಪು ಕಣಮ್ಮ. ನಾನು ಇಂಥ ಹೆಜ್ಜೆ ನೋಡಿರ್ಲಿಲ್ಲ," ಎಂದರು. ಅವರ ಮೇಲಿದ್ದ ನನ್ನ ಕೋಪ ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಇಳಿಯಿತೆಂದರೆ ಸುಳ್ಳಾಗುತ್ತದೆ.

ಮೇಡಂ ಅವರನ್ನು ಸ್ಟೂಲು ಇಟ್ಟು ಹತ್ತಿಸಿದೆ. ಮೊದಲ ಸುತ್ತು ನಾನು ಪಕ್ಕದಲ್ಲೇ ಓಡಿದೆ. ಎರಡನೆಯದಕ್ಕೆ ಅವರು, "ಬಿಡಿ," ಎಂದರು. ಬಿಟ್ಟೆ. ನೆಟ್ಟಗೆ ಕೂತ ಬೆನ್ನು ಸ್ವಲ್ಪವೂ ಅಲುಗಲಿಲ್ಲ, ಕುತ್ತಿಗೆಯ ಹಿಂದಿನ ಕೂದಲ ಗಂಟು ಕೂಡ ಬಿಚ್ಚಲಿಲ್ಲ. ಬೀದಿಯ ಕೊನೆಯಲ್ಲಿ ತಿರುಗಿದಾಗ ಅವರು ಜೋರಾಗಿ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಇಳೀತೀರಾ ಮೇಡಂ?" ಎಂದೆ. "ಹೋಗಮ್ಮ," ಎಂದು ಇನ್ನೊಂದು ಸುತ್ತಿಗೆ ಹೊರಟೇಬಿಟ್ಟರು.

ಅವರು ಆ ಕಡೆ ಹೋದದ್ದೇ ತಡ, ಮೇಷ್ಟ್ರು ನನ್ನ ಹತ್ತಿರ ಬಂದು ದನಿ ಇಳಿಸಿದರು. "ನೋಡಮ್ಮ, ನಮ್ಮಲ್ಲಿ ಕಲಿಯೋರಿಗೆ ಇಂಥದ್ದೊಂದು ಬೇಕು. ಅವ್ರು ಎಷ್ಟು ಹೇಳ್ತಾರೋ ಅದ್ರ ಮೇಲೆ ನಾನು ಕೊಡ್ತೀನಿ."

ಮೂರು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಕುಣಿದುಬಿಡುತ್ತಿದ್ದೆ. ಆಗಲೂ ಕುಣಿಯಬೇಕೆನ್ನಿಸಿತು, ಬೇರೆ ಕಾರಣಕ್ಕೆ. "ತಪ್ಪು ತಿಳ್ಕೋಬೇಡಿ ಸಾರ್. ಅವ್ರು ಇಳಿಯೋವರ್ಗೂ ಇನ್ನೊಬ್ರ ಹತ್ರ ಬೆಲೆ ಮಾತಾಡೋದು ನಮ್ಮಲ್ಲಿ ಪದ್ಧತಿ ಇಲ್ಲ," ಎಂದೆ.

ಮೇಡಂ ಇಳಿದರು. ನಾನು ಮೊದಲು ಅವರಿಗೆ ಬಿದಿರಿನ ಗಳಗಳ ವಿಷಯ ಹೇಳಿದೆ. ನನ್ನ ದಡ್ಡತನದಿಂದ ಇವಳಿಗೆ ಗಳ ಕಂಡರೆ ಭಯ, ಅಂಥವು ಬಿದ್ದಿರುವ ಕಡೆ ಕರೆದೊಯ್ಯಬೇಡಿ ಎಂದೆ. ಅವರು ತಲೆಯಾಡಿಸಿ, ಕುದುರೆಯ ಕುತ್ತಿಗೆಯನ್ನು ಸವರುತ್ತಾ, "ಬೆಲೆ ಹೇಳಿ," ಎಂದರು. ಅಷ್ಟು ಹೊತ್ತೂ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದ ಅಪ್ಪ ಎದ್ದು ಬಂದರು. ಬೆಲೆ ಮಾತಾಡಲು ಅವರೇ ಮುಂದೆ ಬಂದರೇನೋ ಎಂದುಕೊಂಡೆ. ಅವರು ಹೆಗಲಿನ ಟವೆಲನ್ನು ತೆಗೆದು ನನ್ನ ಕೈಮೇಲೆ ಹೊದಿಸಿ, ಮತ್ತೆ ಹೋಗಿ ಜಗುಲಿಯ ಮೇಲೆ ಕೂತರು.

ದನ, ಕುದುರೆಗಳ ಬೆಲೆಯನ್ನು ನಮ್ಮವರು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ಮಾತಾಡುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು. ಆ ಟವೆಲಿನ ಕೆಳಗೆ ಅವತ್ತಿನವರೆಗೆ ಹೆಂಗಸಿನ ಕೈ ಹೋದದ್ದನ್ನು ನಾನು ಕಂಡಿರಲಿಲ್ಲ. ಈಗ ಎರಡು ಹೋದವು. ಒಂದೊಂದು ಬೆರಳಿಗೆ ಎಷ್ಟೆಂದು ಮೇಡಂ ಅವರ ಕಿವಿಯಲ್ಲಿ ಹೇಳಿದೆ. ಅವರ ಕೈ ಬೆವೆತಿತ್ತು, ಇನ್ನೂ ಕುದುರೆಯ ವಾಸನೆಯಿತ್ತು. ಅವರು ಒಂದು ಕ್ಷಣವೂ ಯೋಚಿಸದೆ ನನ್ನ ಐದು ಬೆರಳನ್ನೂ ಬಾಚಿ ಹಿಡಿದರು. ಹಿಡಿದ ಬಿಗಿ ನೋಡಿದರೆ ಆರನೆಯದೊಂದಿದ್ದರೆ ಅದನ್ನೂ ಹಿಡಿಯುತ್ತಿದ್ದರು. ನಾನು ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡೆ. ಯಾಕೆಂಬಂತೆ ಅವರು ನನ್ನ ಮುಖ ನೋಡಿದರು. ಮೂರು ತಿಂಗಳು ಅವಳನ್ನು ಗೋಳಾಡಿಸಿದ್ದಕ್ಕೂ ಸೇರಿಸಿ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. "ನಾಲ್ಕು ಸಾಕು," ಎಂದು ಅವರ ಕಿವಿಯಲ್ಲಿ ಹೇಳಿದೆ.

ಮೇಷ್ಟ್ರು ಟವೆಲನ್ನೇ ದಿಟ್ಟಿಸುತ್ತಾ ನಿಂತಿದ್ದರು. "ಎಷ್ಟಕ್ಕಾಯ್ತು?" ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಕುದುರೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮೇಡಂ ಅವರ ಕೈಗೆ ಕೊಟ್ಟೆ. ಮೂಗಿಗೆ ಮೂಗು ತಾಗಿಸಿ ಕುದುರೆಗೆ ಹೇಳಬೇಕಾದದ್ದನ್ನು ಹೇಳಿದೆ. ಅದು ಇಲ್ಲಿ ಬೇಡ.

ಎಲ್ಲರೂ ಹೋದ ಮೇಲೆ ಅಪ್ಪ ಜಗುಲಿಯಿಂದ ಕರೆದರು.

"ಎಷ್ಟಕ್ ಕೊಟ್ಟೆ?"

"ಟವೆಲ್ ಕೆಳಗಿನ ಮಾತು ಕಣಪ್ಪ. ಹೇಳಕ್ಕಾಗಲ್ಲ."

ಅಪ್ಪ ನನ್ನನ್ನೇ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮಂಡಿ ತಟ್ಟಿಕೊಂಡು, ಕೆಮ್ಮು ಬರುವಷ್ಟು ನಕ್ಕರು.

"ಹಂಗಾದ್ರೆ ನೀನು ಯಾಪಾರ ಮಾಡ್ದೆ ಬುಡು," ಎಂದರು.